ಆರು ನ್ಯಾನೋಗ್ರಾಂ

ಮಾರ್ಚ್ ೪

ನಾನು ಏನೂ ತೆಗೆದುಕೊಂಡಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ. ಉಳಿದದ್ದು ಆಮೇಲೆ.

ಬೆಳಿಗ್ಗೆ ಜಿಮ್‌ನಲ್ಲಿ ಬಾರ್ ಮೇಲೆ ಕೈ ಇಟ್ಟಿದ್ದೆ. ಕೋಚ್ ಬಂದು "ಕೆಳಗಿಡು" ಎಂದರು. ಇನ್ನೂ ಎತ್ತೇ ಇಲ್ಲ, ಏನು ಕೆಳಗಿಡೋದು ಎಂದು ನಕ್ಕೆ. ಅವರು ನಗಲಿಲ್ಲ. ಫೋನನ್ನು ನನ್ನ ಮುಖಕ್ಕೆ ಹಿಡಿದರು. ಫೆಬ್ರವರಿಯ ರಾಷ್ಟ್ರೀಯ ಭಾರ ಎತ್ತುವ ಸ್ಪರ್ಧೆಯಲ್ಲಿ ನಾನು ಚಿನ್ನ ಗೆದ್ದ ದಿನ ಕೊಟ್ಟ ಮೂತ್ರದ ಮಾದರಿಯಲ್ಲಿ ನಿಷೇಧಿತ ಔಷಧಿ ಸಿಕ್ಕಿದೆಯಂತೆ. ದೇಹದಿಂದ ನೀರಿಳಿಸುವ ಔಷಧಿ. ತೂಕದ ವರ್ಗಕ್ಕೆ ಹೊಂದಿಕೊಳ್ಳಲಿಕ್ಕೆ ಕೆಲವರು ಕದ್ದುಮುಚ್ಚಿ ನುಂಗುವಂಥದ್ದು. ವಿಚಾರಣೆ ಮುಗಿಯುವವರೆಗೆ ಒಕ್ಕೂಟದ ಯಾವ ಜಿಮ್‌ಗೂ ನಾನು ಕಾಲಿಡುವಂತಿಲ್ಲ.

"ಎಷ್ಟು ಸಿಕ್ಕಿದೆ?" ಎಂದೆ.

"ಒಂದು ಮಿಲಿಲೀಟರಿಗೆ ಆರು ನ್ಯಾನೋಗ್ರಾಂ."

"ಅಂದ್ರೆ ಎಷ್ಟು?"

"ನಂಗೇನು ಗೊತ್ತು? ನಾನು ಕಿಲೋ ಲೆಕ್ಕದಲ್ಲಿ ಬದುಕೋನು."

ಸ್ಪರ್ಧೆಯ ದಿನ ತೂಕ ನೋಡಿದಾಗ ನಾನು ಮಿತಿಗಿಂತ ಮುನ್ನೂರು ಗ್ರಾಂ ಕಡಿಮೆಯೇ ಇದ್ದೆ. ಇಳಿಸುವುದಕ್ಕೆ ಏನಿತ್ತು? ಇದನ್ನೇ ನಾಲ್ಕು ಜನರ ಎದುರು ಕೂಗಿ ಹೇಳಿದೆ. ಪಕ್ಕದ ಬೆಂಚಿನಲ್ಲಿದ್ದ ಇಬ್ಬರು ಶೂ ಲೇಸು ಕಟ್ಟುವುದರಲ್ಲಿ ಮುಳುಗಿಹೋದರು. ಕಟ್ಟಿದ ಲೇಸನ್ನೇ ಬಿಚ್ಚಿ ಕಟ್ಟಿದರು, ಪುಣ್ಯಾತ್ಮರು.

ಮನೆಗೆ ಬಂದಾಗ ಅಪ್ಪ "ಏನ್ ಗುಬ್ಬಿ, ಇಷ್ಟು ಬೇಗ?" ಎಂದರು. ತೊಂಬತ್ತು ಕಿಲೋ ತಲೆ ಮೇಲೆ ಎತ್ತುವವಳನ್ನು ಗುಬ್ಬಿ ಎಂದು ಕರೆಯುವವರು ಲೋಕದಲ್ಲಿ ಅವರೊಬ್ಬರೇ. "ರಜ" ಎಂದೆ.

ಜೂನ್‌ನಲ್ಲಿ ತರಬೇತಿ ಹಾಸ್ಟೆಲ್ ಸೇರಬೇಕಿತ್ತು. ಅಪ್ಪನನ್ನು ಅಕ್ಕನ ಮನೆಗೆ ಕಳಿಸುವುದು ಎಂದು ಮಾತಾಗಿತ್ತು. ಎಲ್ಲ ಕೂಡಿಬಂದು ಈಗ ನೀರಲ್ಲಿ ಹೋಮ. ಈ ಎರಡು ಕೋಣೆಯ ಮನೆ, ಅಪ್ಪನ ಊದಿದ ಕಾಲು, ದಿನಕ್ಕೆ ಹತ್ತು ಸಲ ಬಚ್ಚಲಿಗೆ ಎಬ್ಬಿಸಿ ಕರೆದೊಯ್ಯುವುದು, ಇವುಗಳಿಂದ ಹೊರಗೆ ಹೋಗುವ ಒಂದೇ ಬಾಗಿಲು ಅದು. ಯಾರೂ ಓದುವುದಿಲ್ಲವೆಂದು ಬರೆಯುತ್ತಿದ್ದೇನೆ: ನನಗೆ ಸಾಕಾಗಿದೆ.

ಮಾರ್ಚ್ ೫

ಸಿಕ್ಕಿತು! ವರದಿಯಲ್ಲಿದ್ದ ಔಷಧಿಯ ಹೆಸರೂ ಅಪ್ಪನ ಮಾತ್ರೆಯ ಹಾಳೆಯ ಮೇಲಿನ ಹೆಸರೂ ಒಂದೇ. ಅಪ್ಪನ ಹೃದಯ ಸೋತು ಕಾಲಿನಲ್ಲಿ ನೀರು ನಿಲ್ಲುವುದಕ್ಕೆ ಡಾಕ್ಟರು ಕೊಟ್ಟದ್ದು ಅದೇ ಮಾತ್ರೆ. ಅವರಿಗೆ ಮಾತ್ರೆ ನುಂಗಲಿಕ್ಕೆ ಆಗುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ನಾನು ಅರ್ಧ ಮುರಿದು, ಪುಡಿ ಮಾಡಿ, ಲೋಟದ ನೀರಿಗೆ ಕಲಸಿ ಅವರ ಪಕ್ಕದಲ್ಲಿಟ್ಟು ಜಿಮ್‌ಗೆ ಓಡುತ್ತೇನೆ. ಆ ಪುಡಿ ಕೈಗೆ ಅಂಟುತ್ತದೆ. ಕೈ ಬಾಯಿಗೆ ಹೋಗುತ್ತದೆ. ಇಷ್ಟೇ ಕಥೆ.

ಒಕ್ಕೂಟದ ಕಾರ್ಯದರ್ಶಿಗೆ ಫೋನ್ ಮಾಡಿ ಹೇಳಿದೆ. ಅವರು ಬಹಳ ಮೃದುವಾಗಿ ಮಾತಾಡಿದರು. ಮೃದುವಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

"ನೋಡಮ್ಮ, ಎಲ್ಲರೂ ಹೀಗೇ ಹೇಳ್ತಾರೆ. ತೂಕ ಇಳಿಸೋಕೆ ತಗೊಂಡೆ ಅಂತ ಒಪ್ಕೊಂಡ್ಬಿಡು. ಎರಡು ವರ್ಷದ್ದು ಆರು ತಿಂಗಳಿಗೆ ಇಳಿಯುತ್ತೆ. ವಾದ ಮಾಡಿ ಸೋತ್ರೆ ಎರಡು ವರ್ಷ ಪೂರ್ತಿ."

"ತಗೊಂಡಿಲ್ಲ ಸಾರ್."

"ಆರು ತಿಂಗಳು ಕಣ್ಮುಚ್ಚಿ ತೆಗೆಯೋದ್ರೊಳಗೆ..."

"ಕಣ್ಣು ತೆರೆದೇ ಇರ್ತೀನಿ ಸಾರ್. ಎರಡು ವರ್ಷ ಆಗ್ಲಿ."

ಫೋನ್ ಇಟ್ಟು ಒಂದು ಬಕೆಟ್ ಬಟ್ಟೆ ಒಗೆದೆ. ಸಿಟ್ಟಿಗೆ.

ಮಾರ್ಚ್ ೧೯

ಪ್ರಯೋಗಾಲಯಕ್ಕೆ ಹೋಗಿಬಂದೆ. ಮಾದರಿಯನ್ನು ಎರಡು ಸೀಸೆಗಳಲ್ಲಿ ಇಟ್ಟಿರುತ್ತಾರೆ. ಎರಡನೆಯದನ್ನು ತೆರೆಯುವಾಗ ಕ್ರೀಡಾಪಟು ಎದುರಿಗಿರಬಹುದು. ಅವರದೇ ತಪ್ಪು ಎಂದು ಹಿಡಿಯುವ ಹಟದಲ್ಲಿ ಹೋದೆ. ಕೋಚ್ ಕೂಡ ಬಂದಿದ್ದರು; ಆ ತೆಳ್ಳನೆಯ ಗಾಜಿನ ಸಾಮಾನುಗಳ ನಡುವೆ ಅವರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎಲ್ಲಿ ಏನು ಬಿದ್ದೀತೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದರು.

ಬಿಳಿ ಕೋಟಿನವಳೊಬ್ಬಳು ಸೀಸೆಯ ಮುದ್ರೆ ತೋರಿಸಿ, "ಹಾಗೇ ಇದ್ಯಾ? ನೋಡ್ಕೊಳ್ಳಿ" ಎಂದಳು. ನನ್ನ ವಯಸ್ಸಿನವಳೇ ಇರಬೇಕು. ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ. ಮುದ್ರೆ ಹಾಗೇ ಇತ್ತು.

ಅವಳು ನನ್ನ ಸೀಸೆಯನ್ನು ಯಂತ್ರಕ್ಕೆ ಮೊದಲು ಹಾಕಲಿಲ್ಲ. ಔಷಧಿ ಇಲ್ಲವೆಂದು ಖಚಿತವಾಗಿ ಗೊತ್ತಿರುವ ಮಾದರಿಯನ್ನು ಹಾಕಿದಳು. ಯಾಕೆಂದು ಕೇಳಿದೆ.

"ಇದ್ರಲ್ಲಿ ಯಂತ್ರ ಏನೂ ಇಲ್ಲ ಅನ್ಬೇಕು. ಏನಾದ್ರೂ ಕಂಡ್ರೆ ನಮ್ಮ ಪಾತ್ರೆ ಕೊಳೆ, ಇಲ್ಲ ನಮ್ಮ ಕೈ ಕೊಳೆ ಅಂತ ಅರ್ಥ. ಆಗ ನಿಮ್ಮದನ್ನ ಅಳೆಯೋ ಹಕ್ಕು ನಮಗಿಲ್ಲ."

ಕೊಳೆ ಕಾಣಲಿ, ಕೊಳೆ ಕಾಣಲಿ ಎಂದು ಹಲ್ಲು ಕಚ್ಚಿ ಪರದೆ ನೋಡಿದೆ. ಗೆರೆ ನೆಟ್ಟಗೆ ಮಲಗಿತ್ತು. ಕೊಳೆ ಇರಲಿಲ್ಲ.

ಆಮೇಲೆ ಒಂದು ಸಾಲು ಪುಟ್ಟ ಸೀಸೆಗಳು. ಒಂದು ಗಟ್ಟಿ ದ್ರಾವಣದಿಂದ ಸ್ವಲ್ಪ ತೆಗೆದು ಶುದ್ಧ ನೀರಿಗೆ, ಅದರಿಂದ ಸ್ವಲ್ಪ ತೆಗೆದು ಮತ್ತೊಂದು ನೀರಿಗೆ, ಹೀಗೆ ತೆಳುವಾಗಿಸುತ್ತ ಹೋಗಿ ಅವಳೇ ಮಾಡಿಟ್ಟದ್ದು. ಪ್ರತಿಯೊಂದರಲ್ಲೂ ಎಷ್ಟಿದೆ ಎಂದು ಮೊದಲೇ ಗೊತ್ತು. ಕಣ್ಣಿಗೆ ಎಲ್ಲವೂ ಬರೀ ನೀರು. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಅವನ್ನೆಲ್ಲ ಅಳೆದು ಒಂದು ಓರೆಗೆರೆ ಎಳೆದಳು. ಕೊನೆಗೆ ನನ್ನದು. ಅದು ಆ ಗೆರೆಯ ಮೇಲೆ ಎಲ್ಲಿ ಕೂರುತ್ತದೋ ಅದೇ ಉತ್ತರ.

ಆರರ ಹತ್ತಿರ ಕೂತಿತು. ಮತ್ತೆ ಮಾಡಿದಳು. ಮತ್ತೆ ಅಲ್ಲೇ.

"ಈ ಯಂತ್ರ ಏನು ಮಾಡುತ್ತೆ?" ಎಂದೆ.

"ಅಣುಗಳನ್ನ ಒಡೆದು ಚೂರುಗಳ ತೂಕ ನೋಡುತ್ತೆ."

ತೂಕ! ನನ್ನ ಜೀವನದಲ್ಲಿ ಎಲ್ಲಿ ಹೋದರೂ ತೂಕ ನೋಡುವವರೇ.

"ಆರು ನ್ಯಾನೋಗ್ರಾಂ ಅಂದ್ರೆ ಎಷ್ಟು? ನಂಗೆ ಅರ್ಥ ಆಗೋ ಹಾಗೆ ಹೇಳಿ."

ಸ್ವಲ್ಪ ಯೋಚಿಸಿದಳು. "ಐದು ದೊಡ್ಡ ಟ್ಯಾಂಕರ್ ನೀರಿಗೆ ಒಂದು ಚಿಟಿಕೆ ಉಪ್ಪು."

"ಅಷ್ಟಕ್ಕೆ ಯಾರಾದ್ರೂ ತೂಕ ಇಳೀತಾರಾ?"

"ಎಷ್ಟಿದೆ ಅಂತ ಹೇಳೋದು ನನ್ನ ಕೆಲಸ. ಹೇಗೆ ಬಂತು, ಯಾಕೆ ಬಂತು, ಅದು ಇಲ್ಲಿ ಕಾಣಲ್ಲ. ಈ ಔಷಧಿಗೆ ಇಷ್ಟರ ಒಳಗಿದ್ರೆ ಬಿಡಿ ಅನ್ನೋ ಗೆರೆ ಇನ್ನೂ ಯಾರೂ ಹಾಕಿಲ್ಲ. ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ."

ಹೊರಗೆ ಬಂದು ಕೋಚ್‌ಗೆ ಹೇಳಿದೆ, "ಕಲ್ಲು ಅವಳು." ಕೋಚ್ ತಲೆ ಕೆರೆದುಕೊಂಡರು. "ಕಲ್ಲೋ ಏನೋ. ಕೆಲಸ ಮಾತ್ರ ಚೊಕ್ಕ ಮಾಡಿದ್ಲು ಕಣೆ." ನನಗೆ ಕೇಳಬೇಕಿದ್ದದ್ದು ಅದಲ್ಲ.

ಮಾರ್ಚ್ ೩೦

ಅಕ್ಕ ಬಂದಿದ್ದಳು. ಹಣ್ಣು, ಉಪದೇಶ ಎರಡನ್ನೂ ಚೀಲ ತುಂಬ ತಂದಿದ್ದಳು. "ಒಪ್ಕೊಂಡು ಮುಗಿಸ್ಬಾರ್ದಾ? ಪೇಪರ್‌ನಲ್ಲೆಲ್ಲ ಹೆಸರು ಬಂದಿದೆ. ಆಫೀಸಲ್ಲಿ ನನ್ನ ಕೇಳ್ತಾರೆ." ಅಪ್ಪನ ಎದುರಿಗೆ ಹೇಳಿಬಿಟ್ಟಳು. ಅವರಿಗೆ ಇಲ್ಲಿಯವರೆಗೂ ರಜ ಎಂದೇ ಹೇಳಿಕೊಂಡು ಬಂದಿದ್ದೆ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. "ಯಾವ ಔಷಧಿ?" ಎಂದರು. ನಿಮ್ಮದೇ, ಪುಡಿ ಕೈಗೆ ಅಂಟಿದ್ದು ಎಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ಊಟ ಬೇಡವೆಂದರು.

ಅವರಿಗೆ ಬೇಜಾರಾಯಿತೆಂದು ನಾನು ಅಳುತ್ತ ಕೂರಲೇ? ಮಹಡಿ ಮೇಲೆ ಹೋಗಿ ಎರಡು ಸಿಮೆಂಟಿನ ಕುಂಡ ಎತ್ತಿ ಇಳಿಸಿದೆ, ಕೈ ಸೋಲುವವರೆಗೆ.

ಏಪ್ರಿಲ್ ೧೧

ನಮ್ಮ ವಕೀಲರು ಕೋಚ್‌ನ ಷಡ್ಡಕ. ಹಣ ಕೇಳುವುದಿಲ್ಲ, ಅದಕ್ಕೆ ಬದಲಾಗಿ ವಿಪರೀತ ಮಾತಾಡುತ್ತಾರೆ. ಒಕ್ಕೂಟಕ್ಕೆ ಮೊದಲೇ ತಿಳಿಸಿ, ಒಂದು ವಾರ ಹಿಂದಿನಂತೆಯೇ ಕೈಯಲ್ಲಿ ಮಾತ್ರೆ ಪುಡಿ ಮಾಡಿ, ಕೈ ತೊಳೆಯದೆ ಊಟ ಮಾಡಿದೆ. ಮಾದರಿಗಳನ್ನು ಒಂದು ವಿಶ್ವವಿದ್ಯಾಲಯದ ಲ್ಯಾಬಿಗೆ ಕಳಿಸಿದೆವು. ಇವತ್ತು ಉತ್ತರ ಬಂತು. ಪತ್ತೆಯಾಗಿಲ್ಲ. ಎಲ್ಲದರಲ್ಲೂ ಅದೇ, ಪತ್ತೆಯಾಗಿಲ್ಲ.

ಕೈಗೆ ಅಂಟುವ ಪುಡಿ ಸಾಲದಂತೆ. ಆರಕ್ಕೂ ಸಾಲದಷ್ಟು ಕಡಿಮೆಯಂತೆ!

ಹಾಗಾದರೆ ಎಲ್ಲಿಂದ ಬಂತು?

ಏಪ್ರಿಲ್ ೧೪

ಯಾರಾದರೂ ಹಾಕಿರಬೇಕು. ಲೇಸು ಕಟ್ಟುತ್ತಿದ್ದ ಆ ಇಬ್ಬರು. ಬೆಳ್ಳಿ ಗೆದ್ದವಳ ಅಣ್ಣ ನೀರಿನ ಬಾಟಲಿ ಹಂಚುತ್ತಿದ್ದ. ಕೋಚ್‌ಗೆ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಬೇಡವಾಗಿತ್ತು. "ಹೀಗೆ ಶುರು ಮಾಡಿದ್ರೆ ನಾಳೆ ನನ್ನನ್ನೂ ಅಂತೀಯ" ಎಂದರು.

ಅವರನ್ನೂ ಅಂದುಕೊಂಡಾಗಿತ್ತು. ಹೇಳಲಿಲ್ಲ.

ಏಪ್ರಿಲ್ ೨೬

ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಡಾಕ್ಟರು ತೂಕ ನೋಡಿ, ಕಾಲನ್ನು ಬೆರಳಿನಿಂದ ಒತ್ತಿ, ಖುಷಿಯಾದರು. "ಎಷ್ಟು ಚೆನ್ನಾಗಿ ಇಳಿದಿದೆ! ಜನವರಿ, ಫೆಬ್ರವರಿಯಲ್ಲಿ ಔಷಧಿ ಹಿಡಿಯೋದೇ ಇಲ್ವೇನೋ ಅಂತ ಬೇರೆ ಮಾತ್ರೆ ಬರೆಯೋನಿದ್ದೆ. ಈಗ ಸರಿಯಾಗಿ ತಗೋತಿದೀರಿ ಅಂತ ಕಾಣುತ್ತೆ."

"ಆಗ್ಲೂ ಸರಿಯಾಗೇ ತಗೋತಿದ್ರು" ಎಂದೆ. "ನಾನೇ ಕಲಸಿ ಕೊಡ್ತಿದ್ದೆ."

ಅಪ್ಪ ಗೋಡೆ ಮೇಲಿನ ಎಲುಬಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಮೂವತ್ತು ವರ್ಷ ಬಂದರಿನಲ್ಲಿ ಕ್ರೇನ್ ಓಡಿಸಿದ ಮನುಷ್ಯ. ಅವರಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ, ಕಣ್ಣು ತಪ್ಪಿಸಲಿಕ್ಕೆ ಮಾತ್ರ ಬರುತ್ತದೆ.

ಮನೆಗೆ ಬಂದು, ಮಂಚದ ಮೇಲೆ ಕೂರಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

"ಜನವರೀಲಿ ಔಷಧಿ ಏನು ಮಾಡ್ತಿದ್ರಿ?"

ಹೊದಿಕೆಯ ಅಂಚನ್ನು ಮಡಚಿದರು, ಬಿಚ್ಚಿದರು. ಆಮೇಲೆ, "ಅದನ್ನ ಕುಡಿದ್ರೆ ಗಂಟೆಗೊಂದು ಸಲ ಬಚ್ಚಲಿಗೆ ಹೋಗ್ಬೇಕು ಗುಬ್ಬಿ. ನೀನು ಜಿಮ್ ಬಿಟ್ಟು ಓಡೋಡಿ ಬರ್ತಿದ್ದೆ. ಕೋಚ್ ಫೋನಲ್ಲಿ ಬೈತಿದ್ರು, ನಂಗೆ ಕೇಳಿಸ್ತಿತ್ತು. ಸ್ಪರ್ಧೆ ಮುಗಿಯೋವರೆಗೆ ನಾನು ಕುಡೀದೆ ಇದ್ರೆ ನಿಂಗೆ ಬಿಡುವಾಗುತ್ತೆ ಅಂದ್ಕೊಂಡೆ."

"ಚೆಲ್ಲಿದ್ರಾ?"

"ಎಲ್ಲಿ ಚೆಲ್ಲಲಿ? ಎದ್ದು ಹೋಗೋ ಹಾಗಿದ್ರೆ ಇನ್ನೇನು ಬೇಕಿತ್ತು? ನೆಲಕ್ಕೆ ಚೆಲ್ಲಿದ್ರೆ ನೀನು ಹಿಡೀತಿದ್ದೆ." ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ಜಗ್ ಕಡೆ ನೋಡಿದರು. "ಅದಕ್ಕೆ ಸುರೀತಿದ್ದೆ. ಅಷ್ಟು ನೀರಲ್ಲಿ ಅಷ್ಟೇ ಅಷ್ಟು. ಗುಟುಕು ಗುಟುಕಾಗಿ ಹೋದ್ರೆ ಇದ್ದೂ ಇಲ್ಲದ ಹಾಗೆ ಅಂದ್ಕೊಂಡೆ."

ಆ ಜಗ್ಗಿನಿಂದ ಅಪ್ಪ ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುತ್ತಾರೆ. ಜಿಮ್‌ನಿಂದ ಬೆವತು ಬಂದು ಅವರ ಪಕ್ಕ ಕೂತಾಗಲೆಲ್ಲ ನಾನು ಅದರಿಂದಲೇ ಒಂದು ಲೋಟ ಬಗ್ಗಿಸಿಕೊಳ್ಳುತ್ತೇನೆ. ಸ್ಪರ್ಧೆಗೆ ಹೊರಡುವ ಮಧ್ಯಾಹ್ನವೂ ಕುಡಿದೆ. ಅರ್ಧವಾದರೆ ಮೇಲೆ ನೀರು ತುಂಬುತ್ತೇವೆ, ಪೂರ್ತಿ ಖಾಲಿ ಮಾಡುವುದೇ ಇಲ್ಲ.

"ನೀನು ಕುಡೀತಿದ್ದದ್ದು ನಂಗೆ ತಲೆಗೇ ಹೋಗ್ಲಿಲ್ಲ" ಎಂದರು. "ಅಕ್ಕ ಅವತ್ತು ಹೇಳಿದಾಗ ಹೊಳೀತು. ಹೇಳೋಕೆ ಬಾಯಿ ಬರ್ಲಿಲ್ಲ."

ಹೋದ ತಿಂಗಳೇ ಹೊಳೆದಿದೆ! ನಾನು ಊರಿನವರನ್ನೆಲ್ಲ ಕಳ್ಳರೆಂದುಕೊಂಡು ತಿರುಗುತ್ತಿದ್ದೆ, ಇವರು ಗೋಡೆ ನೋಡುತ್ತಿದ್ದರು!

ಕೂಗಾಡಿದೆ. ಏನೇನು ಅಂದೆನೋ ಬರೆಯುವುದಿಲ್ಲ.

ಏಪ್ರಿಲ್ ೨೭

ಮಾತಿಲ್ಲ. ಔಷಧಿ ಕಲಸಿ ಕೊಟ್ಟು, ಕುಡಿಯುವವರೆಗೆ ಎದುರಿಗೆ ನಿಂತೆ.

ಏಪ್ರಿಲ್ ೨೮

ಮಾತಿಲ್ಲ. ಅವರ ಉಗುರು ಬೆಳೆದಿತ್ತು, ಕತ್ತರಿಸಿದೆ. ಅದಕ್ಕೆ ಮಾತು ಬೇಕಾಗುವುದಿಲ್ಲ.

ಮೇ ೨

ಅಪ್ಪನೇ ಶುರು ಮಾಡಿದರು. "ನನ್ನನ್ನ ಕರ್ಕೊಂಡು ಹೋಗು. ನಾನು ಹೇಳ್ತೀನಿ ಅವ್ರಿಗೆ."

"ನಿಮ್ಮ ಬಾಯಲ್ಲಿ ಇದನ್ನ ಹೇಳ್ಸಿ ನಾನು ಗೆಲ್ಬೇಕಾಗಿಲ್ಲ."

"ಮತ್ತೆ ಹೇಗೆ ಗೆಲ್ತೀಯ? ಕುಂಡ ಎತ್ತಿ?"

ಮಹಡಿಯ ಸದ್ದು ಕೆಳಗೆ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ನಗು ಬಂತು. ಸಿಟ್ಟು ಹೋಯಿತೆಂದಲ್ಲ. ನಗು ಬಂತು, ಅಷ್ಟೇ.

ಮೇ ೨೦

ಎರಡನೇ ಪ್ರಯೋಗ. ಒಕ್ಕೂಟಕ್ಕೆ ಮತ್ತೆ ತಿಳಿಸಿ, ಅವರ ಕಡೆಯ ಒಬ್ಬರನ್ನು ಮನೆಯಲ್ಲಿ ಸಾಕ್ಷಿಗೆ ಕೂರಿಸಿಕೊಂಡು ಮಾಡಿದೆವು. ಅಪ್ಪ ಹಿಂದಿನಂತೆಯೇ ಲೋಟದಲ್ಲಿದ್ದದ್ದನ್ನು ಜಗ್ಗಿಗೆ ಸುರಿದರು. (ಅವರ ಪಾಲಿನದನ್ನು ಬೇರೆ ಲೋಟದಲ್ಲಿ ಮೊದಲೇ ಕುಡಿಸಿದ್ದೆ. ಇನ್ನು ಒಂದು ದಿನವೂ ತಪ್ಪಿಸಲಿಕ್ಕೆ ಬಿಡುವುದಿಲ್ಲ.) ಅವರು ಕುಡಿಯುವಷ್ಟನ್ನು ನಾವು ಅಳತೆ ಮಾಡಿ ತೆಗೆದೆವು, ಮೇಲೆ ನೀರು ತುಂಬಿದೆವು. ಮಧ್ಯಾಹ್ನ ನಾನು ಒಂದು ಲೋಟ ಕುಡಿದೆ. ಆಮೇಲೆ ಮೂರು ದಿನದ ಮಾದರಿಗಳು ಹೋದವು.

ಇವತ್ತು ಸಂಖ್ಯೆಗಳು ಬಂದವು. ಮೊದಲ ದಿನ ನೂರಾರು. ಮರುದಿನ ಬೆಳಿಗ್ಗೆ ನಲವತ್ತು. ಸಂಜೆ ಹನ್ನೊಂದು. ಮೂರನೇ ಬೆಳಿಗ್ಗೆ ಐದು. ಸ್ಪರ್ಧೆಯಲ್ಲಿ ನನ್ನ ಮಾದರಿ ತೆಗೆದದ್ದು ಎರಡನೇ ದಿನದ ರಾತ್ರಿಗೆ ಸರಿಯಾಗುತ್ತದೆ. ಹನ್ನೊಂದಕ್ಕೂ ಐದಕ್ಕೂ ನಡುವೆ.

ಕೋಚ್ ಅಡುಗೆಮನೆಯಲ್ಲಿ ಕುಣಿದರು. ಅವರು ಕುಣಿದರೆ ಪಾತ್ರೆಗಳೆಲ್ಲ ಕುಣಿಯುತ್ತವೆ.

ಅಪ್ಪ ಕೇಳಿದರು, "ನನ್ನ ಸೊನ್ನೆ ಅಂದ್ಕೊಂಡಿದ್ದು ಆರಾಗಿತ್ತಾ?"

"ಹೌದು."

"ಅಷ್ಟು ಸಣ್ಣದನ್ನ ಹಿಡಿದ್ಲಲ್ಲ ಆ ಹುಡುಗಿ" ಎಂದರು. ಮೆಚ್ಚುಗೆಯಿಂದಲೇ.

ಜೂನ್ ೧೦

ವಿಚಾರಣೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಕಾವಲುಗಾರ ಇಬ್ಬರನ್ನು ಕರೆಸುತ್ತೇನೆ, ಕುರ್ಚಿ ಸಮೇತ ಎತ್ತೋಣ ಎಂದ. ನಾನು ಬ್ಯಾಗನ್ನು ಕೋಚ್ ಕೈಗೆ ಕೊಟ್ಟು ಅಪ್ಪನನ್ನು ಬೆನ್ನಿಗೆ ಹಾಕಿಕೊಂಡೆ. ಊತ ಇಳಿದಿದೆ, ಹಗುರವಾಗಿದ್ದಾರೆ. ಫೆಬ್ರವರಿಯಲ್ಲಾಗಿದ್ದರೆ ತುಸು ಕಷ್ಟವಾಗುತ್ತಿತ್ತು.

"ಎಲ್ರೂ ನೋಡ್ತಿದಾರೆ" ಎಂದರು ಕಿವಿಯಲ್ಲಿ.

"ನೋಡ್ಲಿ. ಟಿಕೆಟ್ ಇಲ್ಲ."

ಮೂವರು ನಿರ್ಣಾಯಕರು. ನಡುವಿನ ಹೆಂಗಸು ಅಧ್ಯಕ್ಷೆ. ಬಿಳಿ ಕೋಟಿನವಳು ಇವತ್ತು ಬೂದು ಬಣ್ಣದ ಬಟ್ಟೆಯಲ್ಲಿದ್ದಳು. ತನ್ನ ಸಂಖ್ಯೆ ಸರಿ ಎಂದು ಹೇಳಿದಳು. ಸ್ಪರ್ಧೆಯ ದಿನ ಅಷ್ಟು ಔಷಧಿಯಿಂದ ಯಾರ ದೇಹದಲ್ಲೂ ಏನೂ ಆಗುವುದಿಲ್ಲ ಎಂದೂ ಹೇಳಿದಳು. ನಾನು ಗೆದ್ದೆನೆಂದುಕೊಂಡೆ. ಆಗ ಒಕ್ಕೂಟದ ವಕೀಲರು ಎದ್ದರು.

"ನಾಲ್ಕು ದಿನ ಮೊದಲು ಒಂದು ಪೂರ್ತಿ ಮಾತ್ರೆ ನುಂಗಿದ್ರೂ, ಆವತ್ತಿಗೆ ಆರೇ ಉಳಿದಿರಬಹುದು. ಹೌದೋ ಅಲ್ವೋ?"

ಅವಳು ನನ್ನ ಕಡೆ ನೋಡಲಿಲ್ಲ. "ಹೌದು. ಉಳಿದಿರಬಹುದು. ಸಂಖ್ಯೆ ಒಂದೇ ನೋಡಿದ್ರೆ ಎರಡಕ್ಕೂ ವ್ಯತ್ಯಾಸ ಕಾಣಲ್ಲ."

ಕೋಚ್ ನನ್ನ ಮೊಣಕೈ ಹಿಡಿದುಕೊಂಡರು, ಎದ್ದುಬಿಡುತ್ತೇನೆಂದು. ನಾನು ಏಳಲಿಲ್ಲ. ವಿಚಿತ್ರವೆಂದರೆ ಸಿಟ್ಟೂ ಬರಲಿಲ್ಲ. ಆ ಬಿಳಿ ಕೋಟಿನ ಕೆಮಿಸ್ಟ್ ಮೇಡಂ ನಿಜವನ್ನೇ ಹೇಳಿದರು. ನನಗಾಗಿ ಅದನ್ನು ಒಂದು ಚೂರು ಬಾಗಿಸಿದ್ದರೆ, ಅವರು ಮೊದಲು ಹೇಳಿದ್ದಕ್ಕೂ ಬೆಲೆ ಇರುತ್ತಿರಲಿಲ್ಲ.

ಆಮೇಲೆ ಅಪ್ಪ. ಜಗ್ಗಿನ ವಿಷಯವನ್ನು ಒಂದೊಂದಾಗಿ ಹೇಳಿದರು. ದನಿ ಸಣ್ಣದು, ಆದರೆ ತೊದಲಲಿಲ್ಲ. ವಕೀಲರು ಕೇಳಿದರು, "ಇದನ್ನೆಲ್ಲ ಮಗಳು ಹೇಳಿಕೊಟ್ಟಿದ್ದಾ?"

"ಮಗಳು ಐದು ದಿನ ನನ್ನ ಹತ್ರ ಮಾತೇ ಆಡ್ಲಿಲ್ಲ ಸ್ವಾಮಿ. ಹೇಳಿಕೊಡೋದು ಎಲ್ಲಿಂದ ಬಂತು?"

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ನಿಮ್ಮ ಪ್ರಾಣಕ್ಕೆ ಅಪಾಯ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಇವಳು ಗೆಲ್ಲೋದನ್ನ ನೋಡ್ಬೇಕಿತ್ತು. ನನ್ನಿಂದ ಅವಳಿಗೆ ಆಗಬಹುದಾಗಿದ್ದು ಅದೊಂದೇ ಸಹಾಯ, ಮಧ್ಯಾಹ್ನ ಅವಳನ್ನ ಕರೀದೆ ಇರೋದು. ಅದನ್ನೂ ಕೆಡಿಸಿದೆ."

ನಾನು ಕಿಟಕಿ ನೋಡಿದೆ. ಎದುರು ಕಟ್ಟಡದಲ್ಲಿ ಒಬ್ಬ ಗಾಜು ಒರೆಸುತ್ತಿದ್ದ. ಒಂದೇ ಗಾಜನ್ನು ಬಹಳ ಹೊತ್ತು ಒರೆಸಿದ.

ಡಾಕ್ಟರು ಕೊಟ್ಟ ಊತದ ವಿವರ, ಕೋಚ್ ದಿನಾ ನೋಡುತ್ತಿದ್ದ ನನ್ನ ತೂಕ, ಎರಡನ್ನೂ ನಮ್ಮ ವಕೀಲರು ಮುಂದಿಟ್ಟರು. ಮಾತ್ರೆ ನುಂಗಿದ್ದರೆ ನನ್ನ ತೂಕ ಧಡಕ್ಕನೆ ಇಳಿಯಬೇಕಿತ್ತು; ಇಳಿದಿಲ್ಲ. ಔಷಧಿಯನ್ನು ಒಟ್ಟಿಗೆ ಕುಡಿದಿದ್ದರೆ ಅಪ್ಪನ ತೂಕ ಇಳಿಯಬೇಕಿತ್ತು, ಏರಿದೆ. ಮೊದಲ ಸಲ ಅವರು ಕಡಿಮೆ ಮಾತಾಡಿದರು, ಚೆನ್ನಾಗಿ ಮಾತಾಡಿದರು.

ಇಳಿಯುವಾಗಲೂ ಬೆನ್ನ ಮೇಲೆಯೇ. ಮೆಟ್ಟಿಲ ತಿರುವಿನಲ್ಲಿ ಕೆಮಿಸ್ಟ್ ಮೇಡಂ ನಿಂತಿದ್ದರು. ಅಪ್ಪ ಅಲ್ಲಿಂದಲೇ, "ಏನಮ್ಮ, ಅಷ್ಟು ಸಣ್ಣದು ಹೇಗೆ ಕಾಣುತ್ತೆ ನಿಂಗೆ?" ಎಂದರು. ಅವರು ವಿವರಿಸಲು ಶುರು ಮಾಡಿದರು! ನಾನು ಅಪ್ಪನನ್ನು ಹೊತ್ತುಕೊಂಡೇ ನಿಂತು ಅಣುವಿನ ಪಾಠ ಕೇಳಬೇಕಾಯಿತು. ಈ ಔಷಧಿಗೊಂದು ಕೆಳಗಿನ ಮಿತಿ ಬೇಕೆಂದು ಅವರೂ ಇನ್ನು ಕೆಲವರೂ ಕೇಳುತ್ತಿದ್ದಾರಂತೆ. "ನಿಮ್ಮ ಸಂಖ್ಯೆಗಳನ್ನ ಅದರ ಜೊತೆ ಕಳಿಸ್ಲಾ?" ಎಂದರು. ಹೆಸರು ಹಾಕಿಯೇ ಕಳಿಸಿ ಎಂದೆ.

ಜೂನ್ ೨೪

ತೀರ್ಪು. ಔಷಧಿ ಜಗ್ಗಿನಿಂದಲೇ ಬಂತೆಂದು ಒಪ್ಪಿದ್ದಾರೆ. ನಾನು ಬೇಕೆಂದು ತೆಗೆದುಕೊಂಡಿಲ್ಲ ಎಂದೂ ಒಪ್ಪಿದ್ದಾರೆ. ಆದರೂ ಆ ದಿನದ ಚಿನ್ನ ಹೋಯಿತು. ನಿಯಮದಲ್ಲಿ ಅದಕ್ಕೆ ಮಾಫಿ ಇಲ್ಲ. ಹೋಗಲಿ.

ಉಳಿದದ್ದಕ್ಕೆ ಎರಡು ದಾರಿ. ಸ್ಪರ್ಧೆಯಲ್ಲಿರುವವರೆಗೆ ಆ ಔಷಧಿ ಇರುವ ಮನೆಯಲ್ಲಿ ವಾಸಿಸುವುದಿಲ್ಲ, ಅದನ್ನು ಮುಟ್ಟುವುದಿಲ್ಲ, ಒಕ್ಕೂಟದ ಹಾಸ್ಟೆಲ್‌ನಲ್ಲಿರುತ್ತೇನೆ ಎಂದು ಬರೆದುಕೊಟ್ಟರೆ ನಿಷೇಧ ಇವತ್ತೇ ಮುಗಿಯುತ್ತದೆ. ಇಲ್ಲವಾದರೆ ಎಚ್ಚರಿಕೆ ವಹಿಸದ್ದಕ್ಕೆ ಮಾರ್ಚ್‌ನಿಂದ ಒಂದು ವರ್ಷ.

ಎಲ್ಲರಿಗೂ ಸಂತೋಷ. ಅಕ್ಕ ಫೋನ್ ಮಾಡಿ, ಅಪ್ಪನಿಗೆ ಕೋಣೆ ಸಿದ್ಧ ಮಾಡುತ್ತೇನೆ, ನಾಳೆಯೇ ಕರೆದುಕೊಂಡು ಬಾ ಎಂದಳು. ಪಾಪ, ಮನಸ್ಸಿನಿಂದಲೇ ಹೇಳಿದಳು. ಕೋಚ್ ಹಾಸ್ಟೆಲ್‌ನ ವಾರ್ಡನ್‌ಗೆ ಆಗಲೇ ಹೇಳಿಬಿಟ್ಟಿದ್ದಾರೆ. ಅಪ್ಪ "ಸೈನ್ ಹಾಕು ಗುಬ್ಬಿ, ಇನ್ನೇನು ನೋಡ್ತೀಯ?" ಎಂದರು.

ನಾಳೆ ಹಾಕಿದರಾಯಿತು.

ಜೂನ್ ೨೬

ಅಕ್ಕನ ಮನೆ ನೋಡಿಬಂದೆ. ಕೋಣೆ ಚೆನ್ನಾಗಿದೆ, ಗಾಳಿ ಬರುತ್ತದೆ. ಬಚ್ಚಲು ಮಾತ್ರ ಇಕ್ಕಟ್ಟು. ಬಾಗಿಲು ಒಳಕ್ಕೆ ತೆರೆಯುತ್ತದೆ. ಅಪ್ಪನನ್ನು ಹಿಡಿದುಕೊಂಡು ಒಳಗೆ ತಿರುಗಿಸಲು ಜಾಗವೇ ಇಲ್ಲ. ಅಕ್ಕನ ಕೈಯಲ್ಲಿ ಅದು ಆಗುವ ಕೆಲಸವೂ ಅಲ್ಲ, ಎಡಗಡೆಯಿಂದ ಎತ್ತಬೇಕೆಂದು ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಅವಳು ಎಂಟಕ್ಕೆ ಮನೆ ಬಿಡುತ್ತಾಳೆ. ಔಷಧಿ ಕಲಸಿಟ್ಟು ಹೋಗುತ್ತಾಳೆ. ಕಲಸಿಟ್ಟು ಹೋದರೆ ಇವರು ಏನು ಮಾಡುತ್ತಾರೆಂದು ನನಗೆ ಗೊತ್ತಿಲ್ಲವೇ?

ಇವೆಲ್ಲ ಸಣ್ಣ ವಿಷಯಗಳು. ಕಾಗದದ ಭಾಷೆಯೇ ನನಗೆ ಹಿಡಿಸಲಿಲ್ಲ ಎಂಬುದು ಮುಖ್ಯ. "ಸೋಂಕಿನ ಮೂಲದಿಂದ ದೂರವಿರತಕ್ಕದ್ದು" ಎಂದು ಬರೆದಿದ್ದಾರೆ. ಸೋಂಕಿನ ಮೂಲ! ಅದು ಮಂಚದ ಮೇಲೆ ಕೂತು ರೇಡಿಯೋ ತಿರುಗಿಸುತ್ತಿದೆ.

ಜೂನ್ ೨೮

ಸೈನ್ ಹಾಕಲಿಲ್ಲ.

ಕೋಚ್ ಮನೆಗೇ ಬಂದು ಕೂಗಾಡಿದರು. "ತಲೆ ಕೆಟ್ಟಿದ್ಯಾ? ಅವತ್ತು ಒಪ್ಕೊಳಲ್ಲ ಅಂದೆ, ಸರಿ, ನ್ಯಾಯ ಇತ್ತು. ಈಗ ಯಾರು ಒಪ್ಕೋ ಅಂದ್ರು? ಬಿಡ್ತೀವಿ ಅಂತಿದಾರೆ ಕಣೆ!"

"ಅವ್ರು ಹೇಳೋ ಕಡೆ ಇದ್ರೆ ಬಿಡ್ತೀವಿ ಅಂತಿದಾರೆ. ನಾನು ಎಲ್ಲಿರ್ಬೇಕು ಅಂತ ನನ್ನ ಮೂತ್ರ ಅಳೆದು ಹೇಳೋ ಹಾಗಿಲ್ಲ."

ಅಪ್ಪನೂ ಬೈದರು. ಬೇಕಾದರೆ ಔಷಧಿಯನ್ನೇ ಬಿಡುತ್ತೇನೆ, ಆಗ ಮನೆಯಲ್ಲಿ ಏನೂ ಇರುವುದಿಲ್ಲವಲ್ಲ ಎಂದರು. ಆ ಮಾತು ಇನ್ನೊಂದು ಸಲ ಬಂದರೆ ಬಾಯಿಗೆ ಕೊಳವೆ ಇಟ್ಟು ಕುಡಿಸುತ್ತೇನೆ ಎಂದೆ. ಕೋಚ್ ತಾರಸಿ ನೋಡುತ್ತ ನಿಂತಿದ್ದರು. ಇಬ್ಬರೂ ಒಂದೇ ಅಚ್ಚು ಎಂದು ಗೊಣಗಿಕೊಂಡು ಹೋದರು.

ಜುಲೈ ೬

ಬೆಳಿಗ್ಗೆ ಮನೆ ಮುಂದೆ ಒಂದು ವ್ಯಾನ್ ನಿಂತಿತು. ಕೋಚ್ ಇಳಿದರು. ಹಿಂದೆ ತುಕ್ಕು ಹಿಡಿದ ಒಂದು ಬಾರ್, ಅಂಚು ಕಿತ್ತ ತೂಕದ ತಟ್ಟೆಗಳು, ಎರಡು ಹಲಗೆ. ಅವರ ಸ್ವಂತದ್ದು, ಅವರು ಸ್ಪರ್ಧಿಸುತ್ತಿದ್ದ ಕಾಲದ್ದು. "ಒಕ್ಕೂಟದ ಜಿಮ್‌ಗೆ ಬರೋ ಹಾಗಿಲ್ಲ ಅಂದ್ರು. ನಿನ್ನ ಮನೆ ಕಾರ್ ಶೆಡ್‌ಗೆ ನಾನು ಬರೋ ಹಾಗಿಲ್ಲ ಅಂದ್ರೆ ನಾನು ಬಗ್ಗೋನಲ್ಲ. ನಾಳೆ ನನ್ನ ಕೆಲಸ ಹೋದ್ರೂ ಸರಿ." ನಮಗೆ ಕಾರೇ ಇಲ್ಲ. ಶೆಡ್‌ನಲ್ಲಿದ್ದ ಹಳೇ ಸಾಮಾನನ್ನೆಲ್ಲ ಹೊರಗೆ ಹಾಕಿದೆವು.

ಮಧ್ಯಾಹ್ನ ಕಾರ್ಯದರ್ಶಿಯವರ ಫೋನ್. ಅದೇ ಮೃದು ದನಿ. "ಸೈನ್ ಹಾಕೋಕೆ ಇವತ್ತೇ ಕೊನೇ ದಿನ ಅಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಕೂತು ಮಾತಾಡೋಣ..."

"ಸಾರ್, ಅಪ್ಪನಿಗೆ ಬಚ್ಚಲಿಗೆ ಹೋಗೋ ಹೊತ್ತಾಯ್ತು. ಇಡ್ತೀನಿ" ಎಂದೆ. ಇಟ್ಟೆ.

ಮತ್ತೆ ಮಾಡಲಿಲ್ಲ ಅವರು.

ಮಾರ್ಚ್‌ಗೆ ಇನ್ನು ಎಂಟು ತಿಂಗಳು. ಸಂಜೆ ಎಪ್ಪತ್ತು ಕಿಲೋದಿಂದ ಶುರು ಮಾಡಿದೆ. ತೋಳು ತುಕ್ಕು ಹಿಡಿದಿದೆ, ಬಾರ್‌ನ ಹಾಗೆಯೇ. ಎಂಬತ್ತು ಎತ್ತಿದೆ. ಎಂಬತ್ತೈದು ಎರಡು ಸಲ ಬಿತ್ತು, ಮೂರನೆಯದಕ್ಕೆ ನಿಂತಿತು. ಅಕ್ಕಪಕ್ಕದವರು ಏನೋ ಕುಸಿಯಿತೆಂದು ಓಡಿ ಬಂದರು.

ಕೋಚ್ ನಾಳೆ ಬೆಳಿಗ್ಗೆ ಬೇಗ ಬರುತ್ತಾರೆ. ಅಪ್ಪ ಔಷಧಿ ಪೂರ್ತಿ ಕುಡಿಯುವವರೆಗೆ ಬಾರ್ ಮುಟ್ಟುವುದಿಲ್ಲ, ಅಲ್ಲಿಯವರೆಗೆ ಹೊರಗೆ ಕಾಯಿರಿ ಎಂದು ಹೇಳಿದ್ದೇನೆ.